ಹುಟ್ಟಿದ ಗಳಿಗೆಗೆ ದೋಷವುಂಟೇ?

ಶರಣರ ಮನೆಯವರು ವಿವಾಹದ ಕಾಲವನ್ನು ವಿಚಾರಿಸಿದರೆ ರಾಶಿ, ನಕ್ಷತ್ರಗಳ ಲೆಕ್ಕ ಹಿಡಿದು ಅವರನ್ನು ಅಂಜಿಸಬಾರದು, ಎಲ್ಲವೂ ಅನುಕೂಲವಾಗಿದೆಯೆಂದೇ ಧೈರ್ಯ ಹೇಳಬೇಕು ಎಂಬ ಭಾವದ ವಚನವೊಂದನ್ನು ಬಸವಣ್ಣನವರು ಅಪ್ಪಣೆ ಕೊಡಿಸಿದ್ದಾರೆ. 12ನೆಯ ಶತಮಾನದ ಈ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಗಳಿದ್ದಾಗ ಅಷ್ಟು ಸುಲಭವಲ್ಲ.

ಜಯನಗರದಲ್ಲಿ ವಾಸವಾಗಿರುವ ಶರಣೆಯೊಬ್ಬರ ಮಗಳಿಗೆ ಸಂಬಂಧಗಳು ಬರುತ್ತಿದ್ದವು, ಜಾತಕ ಹೋದ ಮೇಲೆ ನಿಂತುಹೋಗುತ್ತಿದ್ದವು. ಲಗ್ನದಿಂದ 8ನೆಯ ಮನೆಯಲ್ಲಿ ಕುಜನಿದ್ದಾನೆ ಎಂಬುದೇ ಕಾರಣ. ಲಿಂಗಾಯತ ಮನೆಗಳಲ್ಲೂ ಈಗ ಜಾತಕ ಕೇಳದವರು ವಿರಳ. ತಾಯಿ ಮೊದಮೊದಲು ತಮ್ಮನ್ನೇ ದೂಷಿಸಿಕೊಂಡರು: ಓದು ಮುಗಿಯಲೆಂದು ತಡಮಾಡಿದೆವೇನೋ, ಮೊದಲು ಬಂದ ಸಂಬಂಧವನ್ನು ಬಿಡಬಾರದಿತ್ತೇನೋ! ಜ್ಯೋತಿಷಿಗಳು ಕುಜದೋಷದ ಹೆಸರು ಹೇಳಿದ ದಿನ ಅವರಿಗೆ ನಿಜವಾಗಿಯೂ ಸಮಾಧಾನವಾಯಿತು. ಹೆಸರಿಲ್ಲದ ದುಃಖಕ್ಕಿಂತ ಹೆಸರುಳ್ಳ ದುಃಖವನ್ನು ಹೊರುವುದು ಹಗುರ. ಇದನ್ನು ಹಗುರವಾಗಿ ಕಾಣುವಂತಿಲ್ಲ.

ಅಂದಿನಿಂದ ಪ್ರತಿ ಮಂಗಳವಾರ ತಾಯಿ ಮಗಳಿಬ್ಬರೂ ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನಕ್ಕೆ ಹೋಗತೊಡಗಿದರು. ಅಶುಭವೆಂದು ಲೋಕವು ದೂರವಿಡುವ ರಾಹುಕಾಲವೇ ಅಲ್ಲಿ ಪೂಜೆಯ ಹೊತ್ತು. ಮಂಗಳವಾರ ಮಧ್ಯಾಹ್ನ 3ರಿಂದ 4.30ರವರೆಗೆ ಹೆಂಗಸರು ನಿಂಬೆಹಣ್ಣನ್ನು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಗುಚಿ ಹಣತೆಯಾಗಿಸಿ ದೀಪ ಹಚ್ಚುತ್ತಾರೆ. ತಮ್ಮಂತೆಯೇ ಕಾಯುತ್ತಿರುವ ಅಷ್ಟೊಂದು ತಾಯಂದಿರನ್ನು ಕಂಡು ಅವರ ಮನಸ್ಸು ಎಷ್ಟೋ ತಿಳಿಯಾಗುತ್ತಿತ್ತು.

ಒಂದು ಮಂಗಳವಾರ ಮಗಳು ಹೊರಡಲಿಲ್ಲ.

“ನಿನ್ನ ತಪ್ಪೇನೂ ಇಲ್ಲಮ್ಮ, ಎಲ್ಲಾ ಆ ಗ್ರಹದ್ದು” ಎಂದರು ತಾಯಿ.

“ಆ ಗ್ರಹ ಇರೋದು ನನ್ನ ಜಾತಕದಲ್ಲೇ ಅಲ್ವಾ ಅಮ್ಮ?”

ತಾಯಿಯ ಭಾರವನ್ನು ಇಳಿಸಿದ ಮಾತೇ ಮಗಳ ತಲೆಯ ಮೇಲೆ ಕುಳಿತಿತ್ತು. ಪ್ರತಿ ವಾರವೂ ಅವಳು ತನ್ನ ಹುಟ್ಟಿಗೇ ಪರಿಹಾರ ಮಾಡಿಸಿಕೊಳ್ಳಲು ಹೋಗುತ್ತಿದ್ದಳು.

ಆ ರಾತ್ರಿ ತಾಯಿ ಜಾತಕವನ್ನು ಬಿಡಿಸಿಕೊಂಡು ಕುಳಿತರು. ದಕ್ಷಿಣದ ರೂಢಿಯಂತೆ 1, 2, 4, 7, 8, 12 ಈ ಮನೆಗಳಲ್ಲಿ ಕುಜನಿದ್ದರೆ ದೋಷ. ಹನ್ನೆರಡರಲ್ಲಿ ಆರು! ಲಗ್ನವೊಂದರಿಂದಲೇ ಎಣಿಸಿದರೂ, ವಿನಾಯಿತಿಗಳನ್ನು ಬಿಟ್ಟರೆ, ಹುಟ್ಟುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ದೋಷವುಳ್ಳವರೇ. ಲಗ್ನವಾದರೋ ಸುಮಾರು 2 ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ. ಮಗಳು ಅಷ್ಟು ಹೊತ್ತು ಮುಂಚೆ ಹುಟ್ಟಿದ್ದರೆ ಅದೇ ಕುಜನು 9ನೆಯ ಮನೆಯವನಾಗಿ ನಿರ್ದೋಷಿಯಾಗುತ್ತಿದ್ದನು. ಅಂದು ಹೆರಿಗೆ ತಡವಾದದ್ದು ತಾಯಿಗೆ ಚೆನ್ನಾಗಿ ನೆನಪಿತ್ತು. ಆ ತಡವು ಕೂಸಿನ ದೋಷ ಹೇಗಾದೀತು?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಅಲ್ಲಗಳೆದರೆಂದು ಅವರು ಎಷ್ಟೋ ಸಲ ಕೇಳಿದ್ದರು. ಆ ಐದರಲ್ಲಿ ಮೊದಲನೆಯದು ಜನನ. ಹುಟ್ಟಿನಿಂದ ಮೈಲಿಗೆ ಬಾರದೆಂದ ಮೇಲೆ ಹುಟ್ಟಿದ ಗಳಿಗೆಯಿಂದ ದೋಷ ಎಲ್ಲಿಂದ ಬಂದೀತೆಂಬುದು ಮಾತ್ರ ಅಂದಿನವರೆಗೆ ಹೊಳೆದಿರಲಿಲ್ಲ. ಹಸುಗೂಸಾಗಿದ್ದಾಗಲೇ ಗುರುಗಳು ಆ ಮಗುವಿಗೆ ಲಿಂಗಧಾರಣೆ ಮಾಡಿದ್ದರು. ಕುಜನು ಯಾವ ಮನೆಯಲ್ಲಿದ್ದಾನೆಂದು ಅವರು ಕೇಳಿರಲಿಲ್ಲ.

ಮುಂದೆ ಜೆ.ಪಿ. ನಗರದ ಒಂದು ಮನೆಯವರು ದೂರವಾಣಿ ಮಾಡಿ ಜಾತಕ ಕೇಳಿದರು. “ಜಾತಕ ಕೊಡೋದಿಲ್ಲ, ತಪ್ಪು ತಿಳಿಯಬೇಡಿ. ಮನೆಗೆ ಬನ್ನಿ, ಪ್ರಸಾದ ಮಾಡಿ, ಮಗಳ ಜೊತೆ ಮಾತಾಡಿ” ಎಂದು ಶರಣೆ ಉತ್ತರಿಸಿದರು. ಹೇಳುವಾಗ ಧ್ವನಿ ನಡುಗಿತು. ಆ ಮನೆಯಿಂದ ಮತ್ತೆ ಕರೆ ಬರಲಿಲ್ಲ.

ವಾರ ಕಳೆದ ಮೇಲೆ ಅದನ್ನು ಮಗಳಿಗೆ ತಿಳಿಸಿದರು. ಅವಳು ತುಸು ಹೊತ್ತು ಸುಮ್ಮನಿದ್ದು ಅಡುಗೆಮನೆಗೆ ಹೋದಳು. ಮಂಗಳವಾರಕ್ಕೆಂದು ತಂದು ಉಳಿದಿದ್ದ ನಿಂಬೆಹಣ್ಣುಗಳನ್ನು ಹಿಂಡಿ, ಬೆಲ್ಲ ಕದಡಿ, ಎರಡು ಲೋಟ ಪಾನಕ ಮಾಡಿ ತಂದಳು.