ತೂತೋ, ಮೋಡವೋ

ಮಾರ್ಚ್ 10, 2024. ಭಾನುವಾರ. ಬೆಳಗಿನ ಜಾವ 4.40

ಅಮಾವಾಸ್ಯೆ. ಬೇಣದ ಮೇಲೆ ಇಬ್ಬನಿ ವಿಪರೀತ. ಲೆನ್ಸಿಗೆ ಸುತ್ತಿದ ಬಿಸಿಪಟ್ಟಿ ಅರ್ಧದಲ್ಲೇ ತಣ್ಣಗಾಯಿತು. ಪವರ್ ಬ್ಯಾಂಕ್ ಹಳೆಯದು, ಅದನ್ನು ಬೈದು ಪ್ರಯೋಜನವಿಲ್ಲ.

ಜ್ಯೇಷ್ಠಾ ಸಾಕಷ್ಟು ಮೇಲೇರಿದೆ. ಅದರ ಎಡಕ್ಕೆ ಹಾಲುಹಾದಿ ಸೀಳುವ ಜಾಗ. ಪೈಪ್ ನೀಹಾರಿಕೆ. ಬರಿಗಣ್ಣಿಗೇ ಕಾಣುತ್ತದೆ. ಕಾಣುತ್ತದೆ ಅಂದರೆ, ಅಲ್ಲಿ ಏನೂ ಕಾಣುವುದಿಲ್ಲ. ಸುತ್ತ ಬೆಳಕಿನ ಹುಡಿ, ನಡುವೆ ಕಪ್ಪು.

ಎರಡೆರಡು ನಿಮಿಷದ ಎಕ್ಸ್‌ಪೋಶರ್. ಟ್ರ್ಯಾಕರ್ ಸದ್ದಿಲ್ಲದೆ ತಿರುಗುತ್ತಿದೆ. ನನಗೆ ಕೆಲಸವಿಲ್ಲ. ಚಳಿ ಒಂದೇ ಕೆಲಸ.

ಮಾರ್ಚ್ 11. ಮಧ್ಯಾಹ್ನ

ಫ್ರೇಮುಗಳನ್ನು ಪೇರಿಸಿದೆ. ಬಾರ್ನಾರ್ಡ್ 68 ಎಂಬ ಕಪ್ಪು ಗುರುತು ಸಿಕ್ಕಿದೆ! ಚಂದ್ರನ ಅಗಲದ ಎಂಟನೆಯ ಒಂದು ಪಾಲೂ ಇಲ್ಲ, 135 ಎಂಎಂ ಲೆನ್ಸಿಗೆ ಒಂದು ಮಚ್ಚೆ. ಆದರೂ ಅಂಚು ಸ್ಪಷ್ಟ. ಪಕ್ಕದಲ್ಲೇ 72, ಹಾವಿನ ಹಾಗೆ ಬಳುಕುವುದು.

ಹಳೆಯ ಚಾಳಿ, ಚಿತ್ರವನ್ನು ನೆಗೆಟಿವ್ ಮಾಡಿ ನೋಡಿದೆ. ನಕ್ಷತ್ರವೆಲ್ಲ ಕರಿ ಚುಕ್ಕೆ. ನೀಹಾರಿಕೆ ಬೆಳ್ಳಗಿನ ಖಾಲಿ ಜಾಗ. ಸ್ಟುಡಿಯೋಗೆ ಯಾರಾದರೂ ಇಂಥ ಪ್ಲೇಟ್ ತಂದಿದ್ದರೆ ಎಮಲ್ಶನ್ ಎದ್ದುಹೋಗಿದೆ ಎಂದು ವಾಪಸು ಕೊಡುತ್ತಿದ್ದೆ.

ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್‌ಗೂ ಮೊದಲು ಹೀಗೇ ಅನ್ನಿಸಿರಬೇಕು. ಅವನೂ ಸ್ಟುಡಿಯೋದವನೇ. 1857ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದ. ಹುಟ್ಟುವ ಮುಂಚೆಯೇ ಅಪ್ಪ ಇಲ್ಲ. ಒಂಬತ್ತು ತುಂಬುವ ಮುನ್ನ ಫೋಟೋ ಅಂಗಡಿಯಲ್ಲಿ ಕೆಲಸ. ಮಾಡಿನ ಮೇಲೆ ಬಿಸಿಲಿನಿಂದ ಚಿತ್ರ ಹಿಗ್ಗಿಸುವ ದೊಡ್ಡ ಯಂತ್ರ, ಅದಕ್ಕೆ ‘ಜ್ಯುಪಿಟರ್’ ಎಂದು ಹೆಸರು. ಹುಡುಗ ಚಕ್ರ ತಿರುಗಿಸುತ್ತ ಅದನ್ನು ಸೂರ್ಯನ ಹಿಂದೆಯೇ ಇಟ್ಟಿರಬೇಕು. ನನ್ನ ಟ್ರ್ಯಾಕರ್ ಮೋಟರ್ ಮಾಡುವುದನ್ನು ಆ ಮಗು ಕೈಯಲ್ಲಿ ಮಾಡಿತು.

ಮುಂದೆ ಅವನಿಗೆ ಗುರುಗ್ರಹದ ಒಂದು ಉಪಗ್ರಹವೂ ಸಿಕ್ಕಿತು, 1892ರಲ್ಲಿ. ಅದು ಈಗ ಬೇಡ.

ಮಾರ್ಚ್ 19

ಕಣ್ಣಿನ ಡಾಕ್ಟರು. ಬಲಗಣ್ಣಿನ ಪೊರೆ ಬಲಿತಿದೆಯಂತೆ. ‘ಮಳೆಗಾಲಕ್ಕೆ ಮುಂಚೆ ಮುಗಿಸಿಬಿಡಿ.’ ಎಲ್ಲರೂ ಎಲ್ಲವನ್ನೂ ಮಳೆಗಾಲಕ್ಕೆ ಮುಂಚೆ ಮುಗಿಸಲು ಹೇಳುತ್ತಾರೆ.

ಬಲಗಣ್ಣು ಮುಚ್ಚಿ ನೋಡಿದರೆ ಗೋಡೆ ಬಿಳಿ. ಎಡಗಣ್ಣು ಮುಚ್ಚಿದರೆ ಹಳದಿ. ಹಾಗಾದರೆ ಜ್ಯೇಷ್ಠಾದ ಕೆಂಪಿನಲ್ಲಿ ನಕ್ಷತ್ರದ್ದೆಷ್ಟು, ನನ್ನದೆಷ್ಟು?

ಮಾರ್ಚ್ 25. ಹೋಳಿ ಹುಣ್ಣಿಮೆ

ಕ್ಯಾಮೆರಾ ಹೊರಗೆ ತೆಗೆಯುವ ಮಾತೇ ಇಲ್ಲ. ಓದಿದೆ.

ಬಾರ್ನಾರ್ಡ್ ಎಷ್ಟು ಕಾಲ ಹಿಂಜರಿದ! ಹರ್ಷೆಲ್ 1780ರ ದಶಕದಲ್ಲೇ ಇಂಥದ್ದನ್ನು ಆಕಾಶದಲ್ಲಿನ ತೂತು ಎಂದುಬಿಟ್ಟಿದ್ದ. ದೊಡ್ಡವರು ಹೇಳಿದ ಮೇಲೆ ತೂತು ತೂತೇ. ಬಾರ್ನಾರ್ಡ್ ವರ್ಷಗಟ್ಟಲೆ ಪ್ಲೇಟ್ ಮೇಲೆ ಪ್ಲೇಟ್ ತೆಗೆದ, ಒಮ್ಮೆ ತೂತು ಎಂದು, ಒಮ್ಮೆ ಅಡ್ಡ ನಿಂತದ್ದೇನೋ ಎಂದು. 1913ರ ಬೇಸಗೆಯ ಒಂದು ರಾತ್ರಿ ಧನು ರಾಶಿಯ ಹೊಳೆಯುವ ಹಾಲುಹಾದಿಯ ಮುಂದೆ ಸಣ್ಣ ಸಣ್ಣ ಮೋಡಗಳು, ನಮ್ಮ ಭೂಮಿಯವೇ, ಕಪ್ಪು ಚುಕ್ಕೆಗಳಾಗಿ ನಿಂತದ್ದು ಕಂಡಿತು. ಅವೂ ತನ್ನ ಪ್ಲೇಟಿನ ಮಚ್ಚೆಗಳೂ ಒಂದೇ ತರಹ. 1919ರಲ್ಲಿ 182 ಕಪ್ಪು ಗುರುತುಗಳ ಪಟ್ಟಿ ಅಚ್ಚಾಯಿತು. ಅಷ್ಟಾದರೂ ಎಲ್ಲವೂ ಮೋಡವೇ ಎಂದು ಖಡಾಖಂಡಿತ ಹೇಳಲಿಲ್ಲ. 1923ರಲ್ಲಿ ತೀರಿಕೊಂಡ. ಅವನ ಚಿತ್ರಗಳ ಅಟ್ಲಾಸ್ ಬಂದದ್ದು 1927ರಲ್ಲಿ.

ನಕ್ಷತ್ರಗಳ ನಡುವೆ ಎಲ್ಲೆಲ್ಲೂ ಧೂಳಿದೆ ಎಂದು ಟ್ರಂಪ್ಲರ್ ತೋರಿಸಿದ್ದು 1930ರಲ್ಲಿ. ದೂರದ ಗುಚ್ಛಗಳು ಇರಬೇಕಾದ್ದಕ್ಕಿಂತ ಮಬ್ಬು, ಮತ್ತು ಕೆಂಪು. ಆಲೆಮನೆಯ ಹೊಗೆಯಾಚೆ ಸಂಜೆ ಸೂರ್ಯ ಕೆಂಪಾಗುವ ಹಾಗೆ. ಕಣ ಸಣ್ಣದಿದ್ದರೆ ನೀಲಿಯನ್ನು ಮೊದಲು ಚದುರಿಸುತ್ತದೆ. ನನ್ನ ಬಲಗಣ್ಣಿನಲ್ಲೂ ನೀಲಿಯೇ ಮೊದಲು ಹೋದದ್ದು.

ಹಿಂಜರಿಯುವವರ ಮೇಲೆ ನನಗೆ ಮೊದಲಿಂದ ಸಿಟ್ಟು. ಇವನ ಮೇಲೆ ಬರುತ್ತಿಲ್ಲ.

ಏಪ್ರಿಲ್ 9. ಯುಗಾದಿ

ತಮ್ಮ, ಅವನ ಹೆಂಡತಿ, ಮಗಳು ಬಂದಿದ್ದರು. ಬೇವು ಬೆಲ್ಲ, ಹೋಳಿಗೆ, ಚುನಾವಣೆ ಮಾತು. ಮಗಳು ಧಾರವಾಡದಲ್ಲಿ ಎಂ.ಎಸ್ಸಿ., ಭೌತಶಾಸ್ತ್ರ. ಊಟವಾದ ಮೇಲೆ ನನ್ನ ಚಿತ್ರ ತೋರಿಸಿದೆ.

ಗೋಡೆಗೆ ಅಂಟಿಸಿದ ಪತ್ರಿಕೆಯ ತುಂಡಿನಲ್ಲಿ ‘ನಕ್ಷತ್ರಗಳ ತೊಟ್ಟಿಲು’ ಎಂದು ಅಚ್ಚಾಗಿತ್ತು. ಓದಿ ನಕ್ಕಳು. ‘ದೊಡ್ಡಪ್ಪ, ತೊಟ್ಟಿಲು ಬೆಚ್ಚಗಿರುತ್ತೆ. ಇದು ಮೈನಸ್ 263.’

ಹತ್ತು ಕೆಲ್ವಿನ್ ಆಸುಪಾಸು. ತಣ್ಣಗಿಲ್ಲದಿದ್ದರೆ ಕೆಲಸವೇ ಆಗುವುದಿಲ್ಲವಂತೆ. ಅನಿಲ ಬಿಸಿಯಾದರೆ ಹೊರಕ್ಕೆ ತಳ್ಳುತ್ತದೆ, ಗುರುತ್ವ ಒಳಕ್ಕೆ ಎಳೆಯುತ್ತದೆ. ತಂಪು ಹೆಚ್ಚಿದಷ್ಟೂ ಕಡಿಮೆ ತೂಕದ ಗಂಟೂ ತನ್ನ ಭಾರಕ್ಕೆ ತಾನೇ ಕುಸಿಯಬಲ್ಲದು. ಜೀನ್ಸ್ 1902ರಲ್ಲೇ ಈ ಲೆಕ್ಕ ಹಾಕಿದ್ದ. ಕತ್ತಲೆಯ ಕೆಲಸವೂ ಅಲ್ಲೇ: ಹೊರಗಿನ ನಕ್ಷತ್ರಗಳ ಬೆಳಕು ಒಳಗೆ ಬಂದರೆ ಅಣುಗಳು ಒಡೆಯುತ್ತವೆ, ಅನಿಲ ಕಾಯುತ್ತದೆ. ಧೂಳು ಅದನ್ನು ತಡೆಯುತ್ತದೆ. ತೂಕದಲ್ಲಿ ಧೂಳು ನೂರಕ್ಕೆ ಒಂದು ಪಾಲು ಅಷ್ಟೇ, ಆದರೆ ಹೈಡ್ರೋಜನ್ ಪರಮಾಣುಗಳು ಜೋಡಿಯಾಗುವುದೂ ಅದರ ಕಣದ ಮೈಮೇಲೇ.

ಡಾರ್ಕ್‌ರೂಮಿಗೆ ಬಾಗಿಲು ಬೇಕು, ಸರಿ. ಇದು ನನಗೆ ಗೊತ್ತಿದ್ದ ವಿಷಯ.

ಹೊರಡುವಾಗ ಅವಳು ಮೆಲ್ಲಗೆ ಕೇಳಿದಳು, ಪಿಎಚ್.ಡಿ. ವಿಷಯ ಅಪ್ಪನ ಹತ್ತಿರ ನೀವೊಂದು ಮಾತು ಆಡುತ್ತೀರಾ. ತಮ್ಮ ಗಂಡು ನೋಡುತ್ತಿದ್ದಾನೆ. ‘ನೋಡುವಾ’ ಅಂದೆ.

ಏಪ್ರಿಲ್ 13. ಬೆಳಗಿನ 3.30

ಚಂದ್ರ ಮುಳುಗಿದ್ದಾನೆ. ಮೋಡವೂ ಇಲ್ಲ. ದೂರದ ತೋಟದವರು ಹಾಕಿಸಿದ ಹೊಸ ಎಲ್‌ಇಡಿ ದೀಪ ಒಂದೇ ಶನಿ. ಹೋಗಿ ಕೇಳಬೇಕು. ಕೇಳಿದರೆ ಹುಚ್ಚ ಅಂದುಕೊಳ್ಳುತ್ತಾರೆ. ಈಗಾಗಲೇ ಅಂದುಕೊಂಡಿದ್ದಾರೆ.

ಏಪ್ರಿಲ್ 13. ಸಂಜೆ

ತಮ್ಮನ ಮಗಳು ಫೋನಿಗೆ ಒಂದು ಚಿತ್ರ ಕಳಿಸಿದ್ದಾಳೆ. 2001ರ ಕೆಲಸ. ಚಿಲಿಯ ದೂರದರ್ಶಕಗಳಿಂದ ಆಲ್ವೆಸ್, ಲಾಡಾ, ಲಾಡಾ ಎಂಬ ಮೂವರು ಬಾರ್ನಾರ್ಡ್ 68ರ ಆರಪಾರ ನೋಡಿದ್ದಾರೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಇದ್ದಿಲು. ಅವಕೆಂಪಿನಲ್ಲಿ ಮಚ್ಚೆಯೇ ಮಾಯ, ಹಿಂದಿನ ನಕ್ಷತ್ರಗಳು ಒಂದೊಂದೇ ಎದ್ದುಬರುತ್ತವೆ, ಕೆಂಪಗೆ. ಯಾವ ನಕ್ಷತ್ರ ಎಷ್ಟು ಕೆಂಪಾಗಿದೆ ಎಂದು ಅಳೆದರೆ ಅದರ ಮುಂದೆ ಎಷ್ಟು ಧೂಳಿದೆ ಎಂದು ತಿಳಿಯುತ್ತದೆ. ಹಾಗೆ ಅಂಚಿನಿಂದ ನಡುವಿನವರೆಗೆ ಇಡೀ ಮೋಡದ ದಪ್ಪ ಅಳೆದರು.

ಅರ್ಧ ಜ್ಯೋತಿರ್ವರ್ಷ ಅಗಲ. ತೂಕ ಎರಡು ಸೂರ್ಯರಷ್ಟು. ನಾನೂರು, ಐನೂರು ಜ್ಯೋತಿರ್ವರ್ಷ ದೂರ. ನಡುಮಧ್ಯದಲ್ಲಿ ಹಿಂದಿನ ಬೆಳಕಿನ ಲಕ್ಷ ಕೋಟಿಯ ಒಂದು ಪಾಲು ಮಾತ್ರ ಈಚೆ ಬರುತ್ತದೆ.

ಅದಿರಲಿ. ನನ್ನನ್ನು ಕೂರಿಸಿದ್ದು ಇದು: ಅಷ್ಟು ಕಪ್ಪಾದರೂ ನಡುವೆ ಒಂದು ಘನ ಸೆಂಟಿಮೀಟರಿಗೆ ಲಕ್ಷ, ಎರಡು ಲಕ್ಷ ಅಣು ಅಷ್ಟೇ. ನನ್ನ ಮೂಗಿನ ಮುಂದಿನ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ 1ರ ಮುಂದೆ 19 ಸೊನ್ನೆ. ಅಂದರೆ ಅದು ಖಾಲಿಯೇ. ಎಷ್ಟು ಆಳವೆಂದರೆ, ಆ ಖಾಲಿಯೇ ಗೋಡೆಯಾಗುತ್ತದೆ.

ಹಾಗಾದರೆ ಹರ್ಷೆಲ್ ಪೂರ್ತಿ ತಪ್ಪೇ? ಗೊತ್ತಿಲ್ಲ. ನಿದ್ದೆ ಬರುತ್ತಿದೆ.

ಏಪ್ರಿಲ್ 20

ಹಳೆಯ ಫಿಲಂ ಕೊಳ್ಳುವವನು ಬಂದಿದ್ದ. ಬೆಳ್ಳಿ ತೆಗೆಯುತ್ತಾರೆ. ಸ್ಟುಡಿಯೋದ ಪೆಟ್ಟಿಗೆಗಳೆಲ್ಲ ಜಗಲಿಯಲ್ಲಿ. ಮುಂಗಡ ಕೊಟ್ಟು ಫೋಟೋ ಒಯ್ಯದೇ ಹೋದವರ ನೆಗೆಟಿವ್‌ಗಳು. ಮದುವೆ, ನಾಮಕರಣ, ಪಾಸ್‌ಪೋರ್ಟ್. ಯಾಕೆ ಬರಲಿಲ್ಲವೋ. ಕಿಲೋಗೆ ಇಂತಿಷ್ಟು ಎಂದ. ಮುಂದಿನ ವಾರ ಬಾ ಎಂದು ಕಳಿಸಿದೆ. ಮುಂದಿನ ವಾರವೂ ಇದನ್ನೇ ಹೇಳುತ್ತೇನೆ ಎಂದು ಅವನಿಗೂ ಗೊತ್ತು.

ತಮ್ಮನಿಗೆ ಫೋನ್ ಮಾಡಲಿಲ್ಲ. ಅಡಿಕೆ ಧಾರಣೆಯ ಸಂಗತಿ ಕೇಳಲು ಅವನೇ ಮಾಡಿದ. ಧಾರಣೆ ಮಾತಾಡಿದೆವು.

ಏಪ್ರಿಲ್ 28

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಅಂಗಳದಲ್ಲಿ ಹಿಂದೆ 10.4 ಮೀಟರಿನ ತಟ್ಟೆ ಇತ್ತು, ಮಿಲಿಮೀಟರ್ ಅಲೆ ಹಿಡಿಯಲು. ನೌಕಾ ರಾಶಿಯ ಕಡೆ ಗಮ್ ನೀಹಾರಿಕೆ ಇದೆಯಲ್ಲ, ಅಲ್ಲಿನ ಬಾಲವಿರುವ ಕಪ್ಪು ಗುಂಡುಗಳನ್ನು ಅದರಿಂದ ಆಲಿಸಿದ್ದಾರೆ. ಬಸ್ಸು, ಹೊಗೆ, ಗದ್ದಲದ ನಡುವೆ ಕೂತು! ಈ ಅಲೆಗೆ ಊರಿನ ದೀಪ ಅಡ್ಡಿಯಲ್ಲ, ನೀರಾವಿ ಅಡ್ಡಿ.

ಹೈಡ್ರೋಜನ್ ಅಣು ಈ ಚಳಿಯಲ್ಲಿ ಬಾಯಿಬಿಡುವುದಿಲ್ಲ. ಅದರ ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್ 2.6 ಮಿಲಿಮೀಟರಿನಲ್ಲಿ ಮಾತಾಡುತ್ತದೆ. 1970ರಿಂದ ಅದನ್ನೇ ಕೇಳಿ ಹೈಡ್ರೋಜನ್ನಿನ ಲೆಕ್ಕ. ಆದರೆ 68ರ ನಡುಮಧ್ಯದಲ್ಲಿ ಅದೂ ಹೆಪ್ಪುಗಟ್ಟಿ ಧೂಳಿಗೆ ಅಂಟಿಕೊಂಡಿದೆ. ಎಲ್ಲಿ ತಿಳಿಯಬೇಕೋ ಅಲ್ಲೇ ಸಾಕ್ಷಿ ಬಾಯಿ ಮುಚ್ಚುತ್ತದೆ. ಅಣು ಬಿಸಿಯನ್ನು ಹೊರಸೂಸಿದರೇ ಮೋಡ ತಣ್ಣಗಿರುವುದು, ಸೂಸುವುದು ನಿಂತರೆ? ಆಗ ಧೂಳು ಆ ಕೆಲಸ ವಹಿಸಿಕೊಳ್ಳುತ್ತದಂತೆ.

ಮೇ 7. ಮಂಗಳವಾರ. ರಾತ್ರಿ 10.15

ಮತ ಹಾಕಿ ಬಂದೆ, ಬೆಳಿಗ್ಗೆಯೇ. ಬೆರಳಿನ ಶಾಯಿ ಕೆಂಪು ಟಾರ್ಚಿನಲ್ಲಿ ಕಪ್ಪಾಗಿ ಕಾಣುತ್ತಿದೆ.

ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಂತಿದೆ, ಗುಡ್ಡದಿಂದ ಸ್ವಲ್ಪವೇ ಮೇಲೆ. ಅದರ ಬುಡದ ಎಡಕ್ಕೆ ಕೋಲ್‌ಸ್ಯಾಕ್, ಸುಮಾರು 600 ಜ್ಯೋತಿರ್ವರ್ಷ. ನಮ್ಮ ಅಕ್ಷಾಂಶಕ್ಕೆ ಅದು ತೀರ ತಗ್ಗು, ಸೆಖೆಯ ಮಂಜು ಬೇರೆ. ಕಂಡಿತೋ, ಇದೆ ಎಂದು ಗೊತ್ತಿದ್ದರಿಂದ ಕಂಡಿತೋ. ಎಡಗಣ್ಣಿನಲ್ಲಿ ಕಂಡಿತು ಎಂದು ಬರೆದಿಡುತ್ತೇನೆ.

ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಅದು ಎಮು ಹಕ್ಕಿಯ ತಲೆ. ಕುತ್ತಿಗೆ, ಮೈ, ಕಾಲು ಎಲ್ಲ ಹಾಲುಹಾದಿಯ ಕಪ್ಪಿನಲ್ಲೇ. ಆಂಡಿಸ್ ಬೆಟ್ಟದವರಿಗೆ ಅದೇ ಕಪ್ಪಿನಲ್ಲಿ ಲಾಮಾ. ಚುಕ್ಕೆ ಸೇರಿಸಿ ಗೆರೆ ಎಳೆಯುವವರಿಗೆ ಇದು ಹೊಳೆಯಲಿಲ್ಲ ನೋಡು. ಇವರಿಗೆ ನೆಗೆಟಿವ್ ಓದಲು ಬರುತ್ತಿತ್ತು.

ಮೇ 8. ಬೆಳಗಿನ 3.10

ಪೈಪ್ ನಡುನೆತ್ತಿಯ ದಕ್ಷಿಣಕ್ಕೆ. ಇಂದಿನಷ್ಟು ಒಳ್ಳೆಯ ಆಕಾಶ ಈ ವರ್ಷ ಬಂದಿಲ್ಲ.

ಕೂತು ಲೆಕ್ಕ ಹಾಕಿದೆ. ಪೈಪಿನಲ್ಲಿ ಹತ್ತು ಸಾವಿರ ಸೂರ್ಯರಿಗಾಗುವಷ್ಟು ಸಾಮಾನು ಇದೆ. ನಕ್ಷತ್ರ ಹುಟ್ಟುತ್ತಿರುವುದು ಕಾಂಡದ ತುದಿಯಲ್ಲಿ ಮಾತ್ರ, ಬಾರ್ನಾರ್ಡ್ 59ರಲ್ಲಿ, ಇಪ್ಪತ್ತರ ಆಸುಪಾಸು. ಉಳಿದ ಉದ್ದಕ್ಕೂ ಗಂಟುಗಳು, ಬಹುತೇಕ ಖಾಲಿ. ಮೋಡದ ನೂರರಲ್ಲಿ ಕೆಲವೇ ಪಾಲು ನಕ್ಷತ್ರವಾಗುವುದು ಸಾಮಾನ್ಯವಂತೆ. ಉಳಿದದ್ದು ಚದುರುತ್ತದೆ. ಕಾಂತಕ್ಷೇತ್ರ ಹಿಡಿದಿಡುತ್ತದೆ, ಒಳಗಿನ ಸುಳಿಗಳು ಕಲಕುತ್ತವೆ, ಹುಟ್ಟಿದ ನಕ್ಷತ್ರವೇ ಚಿಲುಮೆ ಹಾರಿಸಿ ಸುತ್ತಲಿನದ್ದನ್ನು ಓಡಿಸುತ್ತದೆ.

ಇದನ್ನು ತೊಟ್ಟಿಲು ಎಂದು ಕರೆದವನು ಮೂರು ಚಿತ್ರ ನೋಡಿ ಬರೆದಿದ್ದಾನೆ.

ಬೇಜಾರೋ, ಹಗುರವೋ ತಿಳಿಯದು. ಇಷ್ಟು ದಿನ ಆ ಮಚ್ಚೆಯನ್ನು ಮುಂದೇನೋ ಆಗಲಿದೆ ಎಂದೇ ನೋಡುತ್ತಿದ್ದೆ.

ಮೇ 12

ತಮ್ಮನ ಮಗಳಿಗೆ ಇದನ್ನೇ ಬರೆದು ಕಳಿಸಿದೆ. ಉತ್ತರ ಉದ್ದ ಬಂತು, ಸ್ವಲ್ಪ ಸಿಟ್ಟಿನದು.

ಬೋಕ್ ಮತ್ತು ರೈಲಿ 1947ರಲ್ಲೇ ಈ ಸಣ್ಣ ಗುಂಡುಗಳ ಒಳಗೆ ನಕ್ಷತ್ರ ತಯಾರಾಗುತ್ತಿದೆ ಎಂದರು. ಪುರಾವೆ ಇರಲಿಲ್ಲ. 1990ರಲ್ಲಿ ಯುನ್ ಮತ್ತು ಕ್ಲೆಮೆನ್ಸ್ ಉಪಗ್ರಹದ ಅವಕೆಂಪು ದಾಖಲೆಗಳಿಂದ ಹಲವು ಗುಂಡುಗಳಲ್ಲಿ ಎಳೆಯ ನಕ್ಷತ್ರಗಳನ್ನು ತೋರಿಸಿದರು. ಬೋಕ್ ಅಷ್ಟರಲ್ಲಿ ಇರಲಿಲ್ಲ. ಹಂಸ ರಾಶಿಯ ಎಲ್1014 ಖಾಲಿ ಎಂದೇ ಪಟ್ಟಿಯಲ್ಲಿತ್ತು. 2004ರಲ್ಲಿ ಸ್ಪಿಟ್ಜರ್ ದೂರದರ್ಶಕ ನೋಡಿದಾಗ ಒಳಗೆ ಒಂದು ಮಿಣುಕು. ‘ಖಾಲಿ ಅನ್ನೋದು ನಾವು ಎಷ್ಟು ಚೆನ್ನಾಗಿ ನೋಡಿದ್ದೀವಿ ಅನ್ನೋದರ ಮೇಲೆ ದೊಡ್ಡಪ್ಪ.’

68ರ ಬಗ್ಗೆಯೂ ಬರೆದಿದ್ದಾಳೆ. ಸದ್ಯಕ್ಕೆ ಒತ್ತಡವೂ ಭಾರವೂ ಸಮ, ಕುಸಿತದ ಅಂಚಿನಲ್ಲೇ ನಿಂತಿದೆ, ಹೊರಮೈ ಮೆಲ್ಲಗೆ ಉಸಿರಾಡುತ್ತಿದೆ. 2009ರಲ್ಲಿ ಬರ್ಕರ್ಟ್ ಮತ್ತು ಆಲ್ವೆಸ್ ಹೇಳಿದ್ದು: ಪಕ್ಕದಿಂದ ಒಂದು ಸಣ್ಣ ಮೋಡ ಬಂದು ಅದಕ್ಕೆ ತಾಗುತ್ತಿದೆ, ಆ ತಳ್ಳಿಗೆ ಅದು ಕುಸಿಯಲೇಬೇಕು. ಒಂದೆರಡು ಲಕ್ಷ ವರ್ಷ. ಅವಳು ಅವರ ಪರ. ನನಗೆ ಅವರು ಸಣ್ಣ ಮೋಡ ಎನ್ನುವ ಆ ಬಾಲದಂಥದ್ದು ಪಕ್ಕದಿಂದ ಬಂದದ್ದೋ, 68ರದ್ದೇ ಅಂಗವೋ ಎಂದು ಅನುಮಾನ. ನನ್ನ ಚಿತ್ರದಲ್ಲಿ ಅದು ಬರಿ ನಾಲ್ಕು ಪಿಕ್ಸೆಲ್, ವಾದ ಮಾಡಲು ಸಾಲದು.

ಫೋನ್ ಇಡುವಾಗ ಅನ್ನಿಸಿತು, ಅವಳು ಮೋಡದ ವಿಷಯ ಮಾತ್ರ ಬರೆದಿಲ್ಲವೇನೋ. ಅಥವಾ ನನಗೆ ಹಾಗೆ ಓದುವ ಚಟ.

ಮೇ 21

ಗುಡುಗು, ಕರೆಂಟಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದೆ. ಪೊರೆ ತೆಗೆಸಿದವರಿಗೆ ನೀಲಿ ಒಮ್ಮೆಲೇ ಕಣ್ಣಿಗೆ ರಾಚುತ್ತದಂತೆ. ತೋಟದ ಎಲ್‌ಇಡಿ ದೀಪವೂ ರಾಚಲಿದೆ.

ಜೂನ್ 6. ಗುರುವಾರ

ಮತ್ತೆ ಅಮಾವಾಸ್ಯೆ, ಉಪಯೋಗವಿಲ್ಲ. ಮಳೆ ಹಿಡಿದಿದೆ. ಇನ್ನು ಅಕ್ಟೋಬರಿನವರೆಗೆ ಆಕಾಶ ಬಂದ್. ಅಷ್ಟರಲ್ಲಿ ವೃಶ್ಚಿಕ ಪಶ್ಚಿಮಕ್ಕೆ ಇಳಿದಿರುತ್ತದೆ. 68 ಮುಂದಿನ ಫೆಬ್ರವರಿಗೆ.

ತಮ್ಮ ಬಂದಿದ್ದ. ಗಂಡಿನ ಕಡೆಯವರು ಒಪ್ಪಿದ್ದಾರೆ. ಹುಡುಗಿಗೆ ಒಂದು ವರ್ಷ ಕೊಡು ಎಂದೆ. ಒಂದು ವರ್ಷದಲ್ಲಿ ಏನಾಗುತ್ತೆ ಎಂದ. ಉತ್ತರ ನನ್ನಲ್ಲಿ ಇರಲಿಲ್ಲ, ಆದರೂ ವಾದ ಮಾಡಿದೆ, ದನಿ ಏರಿತು. ಕಾಫಿ ಕುಡಿಯದೆ ಎದ್ದ. ಕೊಡೆ ಮರೆತು ಹೋದವನು ಅದಕ್ಕಾಗಿ ವಾಪಸು ಬಂದು, ಕಾಫಿ ಕುಡಿದೇ ಹೋದ. ಒಪ್ಪಿದ್ದಾನೋ ಇಲ್ಲವೋ ಅವನ ಮುಖ ನೋಡಿ ಹೇಳಲಾಗದು.

ಕ್ಯಾಮೆರಾ ಪೆಟ್ಟಿಗೆಗೆ ಸಿಲಿಕಾ ಜೆಲ್ ತರಿಸಬೇಕು. ಹೋದ ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಬಂದಿತ್ತು. ನೆಗೆಟಿವ್ ಪೆಟ್ಟಿಗೆಗಳಿಗೂ ಸೇರಿಸಿ, ಹತ್ತು ಪೊಟ್ಟಣ.