ದೇವಡಿಯಲ್ಲಿ ಎರಡು ರಾತ್ರಿ

ಹೈದರಾಬಾದಿಗೆ ಓದಲು ಬಂದ ನಮ್ಮ ಕಡೆಯ ಹುಡುಗರಿಗೆ ಹಳೇ ಶಹರವೆಂದರೆ ಚಾರ್ಮಿನಾರ್, ಲಾಡ್ ಬಜಾರಿನ ಬಳೆ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕಿಟು. ಸಂಜೆ ಹೋಗಿ ಕಡೇ ಬಸ್ಸಿಗೆ ವಾಪಸು ಬರುವ ಜಾಗ ಅದು. ಅಲ್ಲಿ ಮಲಗಿ ಏಳುವ ಯೋಗ ನನಗೆ ಬಂದದ್ದು ಗೆಳೆಯನ ಅಣ್ಣನಿಂದ. ಪುಣೆಯಿಂದ ಬಂದಿದ್ದ ಆತ ಶಾಲಿಬಂಡದ ಹತ್ತಿರ ಒಂದು ಅತಿಥಿಗೃಹದಲ್ಲಿ ನಾಲ್ಕು ದಿನಕ್ಕೆ ಕೋಣೆ ಹಿಡಿದಿದ್ದ. ಎರಡೇ ದಿನಕ್ಕೆ ಆಫೀಸಿನ ಕರೆ ಬಂತು. "ರೊಕ್ಕ ಕೊಟ್ಟಾಗ್ಯದ, ನೀವಿಬ್ಬರು ಇರ್ರಿ" ಎಂದು ಹೊರಟ. ಒಂದು ರಾತ್ರಿಯ ಬಾಡಿಗೆ ನನ್ನ ಹಾಸ್ಟೆಲಿನ ಒಂದು ತಿಂಗಳ ಊಟದ ಬಿಲ್ಲು! ಬೇಡ ಅನ್ನಲು ನಾವೇನು ಹುಚ್ಚರೇ?

ಓಣಿಯಿಂದ ನೋಡಿದರೆ ಆ ಮನೆ ಬರೀ ಗೋಡೆ, ಒಂದು ಕಿಟಕಿಯೂ ಇಲ್ಲ. ದೊಡ್ಡ ಬಾಗಿಲೊಳಗಿನ ದಿಡ್ಡಿ ಬಾಗಿಲಲ್ಲಿ ತಲೆ ಬಗ್ಗಿಸಿ ಹೋಗಿ ಒಂದು ತಿರುವು ದಾಟಿದರೆ ಅಂಗಳ. ನಡುವೆ ನೀರಿನ ಹೊಂಡ, ದಾಳಿಂಬೆ ಗಿಡ. ಸುತ್ತ ಗಚ್ಚಿನ ಕಮಾನು, ಸಾಗವಾನಿ ಕಂಬ, ಮೇಲೆ ಕೆಂಪು ಹಸಿರು ಗಾಜು. ಐದೇ ಕೋಣೆ. ಹೊರಗೆ ಆಟೋಗಳ ಗದ್ದಲ, ಒಳಗೆ ಪಾರಿವಾಳಗಳ ಗುಟುರು.

ಇಂಥ ಮನೆಗೆ ಇಲ್ಲಿ ದೇವಡಿ ಅನ್ನುತ್ತಾರೆ. ನಮ್ಮ ವಾಡೆಗಳಲ್ಲೂ ದೊಡ್ಡ ಬಾಗಿಲ ಒಳಗಿನ ಜಾಗಕ್ಕೆ ಇದೇ ಹೆಸರು. 1956ರ ತನಕ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವಲ್ಲ! ದೂರದ ಮೊರೊಕ್ಕೋ ದೇಶದ ಮರ್ರಾಕೆಶ್, ಫೆಜ್ ಪಟ್ಟಣಗಳಲ್ಲೂ ಹೀಗೆ ಒಳಮುಖದ ಮನೆಗಳಿವೆ. ಅವಕ್ಕೆ ರಿಯಾದ್ ಎನ್ನುತ್ತಾರೆ, ತೋಟ ಎಂಬ ಅರ್ಥದ ಅರಬ್ಬೀ ಮಾತು. ನೂರಾರು ರಿಯಾದುಗಳು ಈಗ ಅತಿಥಿಗೃಹಗಳಾಗಿವೆ. ನಮ್ಮ ಈ ಶಹರದಲ್ಲಿ ಹಳೇ ಮನೆಗಳಿಗೆ ಎರಡು ಗತಿ ಕಂಡಿದ್ದೇವೆ. ವಿಕಾರ್-ಉಲ್-ಉಮ್ರಾ 1884ರಲ್ಲಿ ಕಟ್ಟಲು ಹಿಡಿದ ಫಲಕ್‌ನುಮಾ ಅರಮನೆ ನಿಜಾಮರ ಅತಿಥಿಗೃಹವಾಗಿ, ವರ್ಷಾನುಗಟ್ಟಲೆ ಬೀಗ ಬಿದ್ದು, 2010ರಲ್ಲಿ ತಾಜ್ ಹೋಟೆಲಾಗಿ ತೆರೆಯಿತು. ಚಾರ್ಮಿನಾರಿನ ಹತ್ತಿರದ ಮಾಲ್ವಾಲಾ ಅರಮನೆಯನ್ನು 2000ದಲ್ಲಿ ಕೆಡವಿದರು.

ಮನೆಯೊಡತಿಯನ್ನು ಎಲ್ಲರೂ ಆಪಾ ಅನ್ನುತ್ತಿದ್ದರು. ರಾತ್ರಿ ಅಂಗಳದಲ್ಲಿ ಕೂತು ಮನೆಯ ಲೆಕ್ಕ ಹೇಳಿದರು. ಎರಡು ಕೋಣೆಯ ಬಾಡಿಗೆ ಮನೆಯ ಹೊಟ್ಟೆಗೇ ಹೋಗುತ್ತದಂತೆ: ಮಾಳಿಗೆಗೆ ಗಚ್ಚು, ಗೆದ್ದಲಿಗೆ ಔಷಧ. ಹಿಂದೊಮ್ಮೆ ಗೋಡೆಗೆ ಸಿಮೆಂಟು ಬಳಿಸಿದ್ದರು. ಒಳಗಿನ ತೇವ ಹೊರಬರಲಾಗದೆ ಗಾರೆ ಹಪ್ಪಳದಂತೆ ಎದ್ದಿತು. ಎಲ್ಲ ಕೆತ್ತಿ ತೆಗೆಸಿ ಮತ್ತೆ ಸುಣ್ಣ, ಬೆಲ್ಲದ ನೀರು ಅರೆಸಿ ಮೆತ್ತಿಸಬೇಕಾಯಿತು. "ಘರ್ ಮೇ ಕೋಯೀ ಸೋನಾ ಹೋನಾ ಬಾಬಾ, ನೈ ತೋ ಘರ್ ಮರ್ ಜಾತಾ" ಎಂದರು. ಮನೆಯೊಳಗೆ ಯಾರಾದರೂ ಮಲಗಬೇಕು, ಇಲ್ಲವಾದರೆ ಮನೆ ಸಾಯುತ್ತದೆ. ಆಕೆ ಹುಟ್ಟಿದ್ದು ನಾವು ಮಲಗಿದ ಕೋಣೆಯಲ್ಲಿ. ಈಗ ಮಲಗುವುದು ಅಡಿಗೆಮನೆಯ ಹಿಂದಿನ ಸಣ್ಣ ಖೋಲಿಯಲ್ಲಿ.

ಮರುದಿನ ಒಂದು ಕಂಬ ನನ್ನನ್ನು ನಿಲ್ಲಿಸಿತು. ಬುಡದಲ್ಲಿ ಕಮಲ, ಆಳೆತ್ತರದಲ್ಲಿ ಕಂದೀಲು ತೂಗುಹಾಕುವ ಗೂಟದ ತೂತು, ಅದರ ಮೇಲೆ ಮಸಿ. ಉಳಿದ ಕಂಬಗಳ ಜಾತಿಯದಲ್ಲ. ಆಪಾ ಸಹಜವಾಗಿ ಹೇಳಿದರು: ಎರಡು ಕಂಬ ಗೆದ್ದಲು ಹಿಡಿದಿದ್ದವು, ಟಿಂಬರ್ ಡಿಪೋದಿಂದ ಇವನ್ನು ತಂದೆವು, ಬೀದರ ಕಡೆಯ ಯಾವುದೋ ಕೆಡವಿದ ಮನೆಯವು.

ಹುಮನಾಬಾದ್ ಹತ್ತಿರದ ನಮ್ಮೂರ ವಾಡೆಗೆ ಅಜ್ಜಿ ಹೋದಾಗಿನಿಂದ ಕೀಲಿ. ಎರಡು ಮಳೆಗಾಲ ಮಾಳಿಗೆಗೆ ಸವುಳು ಮಣ್ಣು ಬಿದ್ದಿಲ್ಲ. ಅಪ್ಪ ಇಲ್ಲದ್ದರಿಂದ ಕಾಗದಕ್ಕೆ ನನ್ನ ಸಹಿ ಬೇಕು. ಹಿಂದಿನ ವಾರವೇ ದೊಡ್ಡಪ್ಪ ಫೋನು ಮಾಡಿದ್ದರು: "ತೊಲಿ, ಕಂಬ, ಚೌಕಟ್ಟು ಎಲ್ಲಾ ಕೂಡಿ ರೇಟ್ ಹಚ್ಯಾನ. ಬಂದು ಸಹಿ ಮಾಡಿ ಹೋಗಪ್ಪ."

ದೊಡ್ಡಪ್ಪನದೂ ಸುಳ್ಳಲ್ಲ. ಮಾಳಿಗೆ ಸೋರುತ್ತದೆ, ನೋಡುವವರಿಲ್ಲ, ತಂಗಿಯ ಮದುವೆ ಇದೆ. ನಮ್ಮೂರಿಗೆ ಪುಣೆಯ ಅತಿಥಿ ಬರುವುದಿಲ್ಲ, ಬಾಡಿಗೆ ಹುಟ್ಟುವುದಿಲ್ಲ. ಆದರೆ ನಮ್ಮ ಕಂಬಗಳು ಎಲ್ಲಿಗೆ ಹೋಗಿ ನಿಲ್ಲುತ್ತವೆ, ಯಾರು ಅವಕ್ಕೆ ಒರಗಿ ಚಹಾ ಕುಡಿಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡೆ. ದೇವಡಿಯೊಂದು ಉಳಿಯಲು ವಾಡೆಯೊಂದು ಬೀಳಬೇಕೆ?

ಫೋನು ಹಚ್ಚಿ ಹೇಳಿದೆ: "ದೊಡ್ಡಪ್ಪ, ಬ್ಯಾಸಗಿ ಸೂಟಿ ತನಕ ತಡೀರಿ. ನಾ ಬಂದು ಸವುಳು ಹಾಕಿಸ್ತೀನಿ, ಒಂದು ತಿಂಗಳು ಅಲ್ಲೇ ಮಲಗ್ತೀನಿ. ಆಮ್ಯಾಲೆ ಮಾತಾಡೋಣ." ಅವರು ನಕ್ಕರು, ಬೇಡ ಅನ್ನಲಿಲ್ಲ.

ಗೆಳೆಯರೇ, ನಿಮ್ಮೂರಿನ ವಾಡೆಯ ಕೀಲಿ ಈಗ ಯಾರ ಹತ್ತಿರ ಇದೆ? ಸೂಟಿಗೆ ಹೋದಾಗ ಕೇಳಿ ನೋಡ್ರಿ.