ಬೋಳು ಬೆಟ್ಟಗಳ ದ್ವೀಪದಲ್ಲಿ ಮೂರು ದಿನ

ಪೊಸಡಿಗುಂಪೆಯ ನೆತ್ತಿಯಲ್ಲಿ ನಿಂತು ಪಡುಗಡಲನ್ನು ನೋಡುತ್ತ ಬೆಳೆದವರು ನಾವು. ಗುಡ್ಡವೆಂದರೆ ನಮ್ಮ ಪಾಲಿಗೆ ಮುಳಿಹುಲ್ಲು, ಮುರಕಲ್ಲಿನ ಪಾರೆ, ಗಾಳಿ, ಅದರಾಚೆಗೆ ಕಡಲು. ಅರುವತ್ತು ದಾಟಿದ ಮೇಲೆ, ಭೂಮಿಯ ಇನ್ನೊಂದು ಮಗ್ಗುಲಲ್ಲಿ ಗುಡ್ಡ ಹತ್ತಿ ಕಡಲು ಕಾಣುವ ಯೋಗ ಒದಗಿಬರುವುದೆಂದು ನಾವಿಬ್ಬರೂ ಎಣಿಸಿರಲಿಲ್ಲ. ಬೋಸ್ಟನ್ನಿನಲ್ಲಿರುವ ಮಗಳು ಮತ್ತು ಅಳಿಯ, ಸಪ್ಟೆಂಬರ್ ಕೊನೆಯ ವಾರ, ಐದು ಗಂಟೆಗೂ ಮಿಕ್ಕಿದ ದಾರಿಯನ್ನು ಕಾರಿನಲ್ಲಿ ಕ್ರಮಿಸಿ, ಮೇನ್ ರಾಜ್ಯದ ಮೌಂಟ್ ಡೆಸರ್ಟ್ ಎಂಬ ದ್ವೀಪಕ್ಕೆ ನಮ್ಮನ್ನು ಕರೆದೊಯ್ದರು.

ಡೆಸರ್ಟ್ ಎಂದೊಡನೆ ಮರಳುಗಾಡು ನೆನಪಾದೀತು. ಅದು ಹಾಗಲ್ಲ. 1604ರಲ್ಲಿ ಆ ತೀರವನ್ನು ಹಾದುಹೋದ ಫ್ರೆಂಚ್ ನಾವಿಕ ಸಾಮ್ಯುಯೆಲ್ ದ ಶಾಂಪ್ಲೇನ್, ಮರವಿಲ್ಲದ ಬಂಡೆಯ ನೆತ್ತಿಗಳನ್ನು ಕಂಡು ‘ಬೋಳು ಬೆಟ್ಟಗಳ ದ್ವೀಪ’ ಎಂಬ ಅರ್ಥದ ಹೆಸರಿಟ್ಟನು. ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳಾದ ವಾಬನಾಕಿ ಜನರು ಅದನ್ನು ‘ಪೆಮೆಟಿಕ್’, ಬೆಟ್ಟಗಳ ಸಾಲು, ಎಂದು ಕರೆಯುತ್ತಿದ್ದರು. ಆ ಹಳೆಯ ಹೆಸರನ್ನು ಈಗ ಅಲ್ಲಿನ ಒಂದು ಬೆಟ್ಟ ಹೊತ್ತು ನಿಂತಿದೆ. ಊರಿನ ಹಲಗೆಯ ಮೇಲೆ ಊರಿನ ಹೆಸರು ಬದಲಾಗುವುದೆಂದರೇನೆಂದು ಬಲ್ಲ ಗಡಿನಾಡಿಗರಾದ ನಾವು, ಆ ಹೆಸರನ್ನು ಎರಡು ಸಲ ಬಾಯಿಬಿಟ್ಟು ಹೇಳಿಕೊಂಡೆವು.

ಮೊದಲ ದಿನ ಸೈಕಲ್ ಸವಾರಿ. ನಮ್ಮ ಹರೆಯದಲ್ಲಿ ಒಂದೇ ಸೈಕಲಿನಲ್ಲಿ ಇಬ್ಬರೂ ಕುಂಬಳೆ ಪೇಟೆಗೆ ಹೋಗಿಬಂದವರಾದರೂ, ಬಾಡಿಗೆಯ ಸೈಕಲನ್ನು ಮುಟ್ಟುವಾಗ ಕೈ ತುಸು ನಡುಗಿತು. ಆದರೆ ಆ ದಾರಿಗಳು ಅಂಜಿಸುವಂಥವಲ್ಲ. ಕುಬೇರನೆನಿಸಿದ ಜಾನ್ ಡಿ. ರಾಕ್‌ಫೆಲ್ಲರ್ ಜ್ಯೂನಿಯರ್, ಮೋಟಾರಿನ ಸದ್ದಿಲ್ಲದೆ ಕುದುರೆಗಾಡಿಯಲ್ಲಿ ಸಾಗಬೇಕೆಂದು 1913ರಿಂದ 1940ರವರೆಗೆ ಕಟ್ಟಿಸಿದ ದಾರಿಗಳವು. ಇಂದು ಅಕೇಡಿಯ ರಾಷ್ಟ್ರೀಯ ಉದ್ಯಾನದೊಳಗೆ 45 ಮೈಲಿಗಳಷ್ಟು ಇವೆ. ಮೋಟಾರು ವಾಹನಗಳಿಗೆ ಅಲ್ಲಿ ಇಂದಿಗೂ ಪ್ರವೇಶವಿಲ್ಲ. ಕುದುರೆಗೆ ದಣಿವಾಗದಂತೆ ಏರನ್ನು ಹದವಾಗಿ ಇಟ್ಟಿದ್ದರಿಂದ, ನಮ್ಮಂಥವರಿಗೂ ತುಳಿಯಲು ಸಾಧ್ಯವಾಯಿತು. ದಾರಿಯಂಚಿಗೆ ಸಾಲಾಗಿ ನಿಲ್ಲಿಸಿದ ಒರಟು ಕಲ್ಲುಗಳನ್ನು ಅಲ್ಲಿನವರು ‘ರಾಕ್‌ಫೆಲ್ಲರರ ಹಲ್ಲು’ ಎಂದು ನಗೆಯಾಡುತ್ತಾರೆ. ದ್ವೀಪದ್ದೇ ಕಲ್ಲಿನಿಂದ ಕಟ್ಟಿದ ಕಮಾನಿನ ಸಂಕಗಳ ಕೆಳಗೆ ತೊರೆ ಹರಿಯುವ ಸದ್ದನ್ನು ಕೇಳುತ್ತ, ನಾವು ವಯಸ್ಸನ್ನು ಅರ್ಧ ದಿನ ಮರೆತಿದ್ದೆವು.

ಆ ಮರೆವೇ ಮರುದಿನ ಮುಳುವಾಯಿತು. ಜೋರ್ಡನ್ ಕೊಳದ ಬಳಿಯಿಂದ ಪೆನೊಬ್‌ಸ್ಕಾಟ್ ಬೆಟ್ಟವನ್ನು ಹತ್ತುವುದೆಂದು ನಿಶ್ಚಯಿಸಿದೆವು. ಎತ್ತರ 364 ಮೀಟರ್ ಮಾತ್ರ. ಆದರೆ ಆರಂಭದಲ್ಲೇ ಬಂಡೆಯ ಸೀಳಿನಲ್ಲಿ ಕಡಿದಾದ ಏರು. ನಮ್ಮಲ್ಲೊಬ್ಬರ ಮೊಣಕಾಲು ಅಲ್ಲಿಯೇ ದೂರು ಹೇಳತೊಡಗಿತ್ತು, ಇನ್ನೊಬ್ಬರು ಅದನ್ನು ಬಲ್ಲರು, ಇಬ್ಬರೂ ಬಾಯಿಬಿಡಲಿಲ್ಲ. ಮೇಲೇರಿದಂತೆ ಕಾಡು ಹಿಂದೆ ಸರಿದು, ನಸುಗೆಂಪು ಗ್ರಾನೈಟಿನ ಬೋಳು ಬೆನ್ನು ತೆರೆದುಕೊಂಡಿತು. ಹಿಮಯುಗದಲ್ಲಿ ದಪ್ಪನೆಯ ಮಂಜುಗಡ್ಡೆ ಉಜ್ಜಿ ನುಣುಪುಗೊಳಿಸಿದ ಬಂಡೆಯಿದು. ಅದರ ಮೇಲೆ ಕಾಲುದಾರಿಯ ಗುರುತು ಮೂಡುವುದಿಲ್ಲ. ಅಲ್ಲಲ್ಲಿ ಬಳಿದ ನೀಲಿ ಬಣ್ಣ ಮತ್ತು ಪೇರಿಸಿಟ್ಟ ಕಲ್ಲಿನ ಗುಪ್ಪೆಗಳೇ ದಾರಿ ತೋರಬೇಕು. ಆ ಗುಪ್ಪೆಗಳಿಗೆ ಕಲ್ಲು ಸೇರಿಸಬಾರದು, ತೆಗೆಯಬಾರದು ಎಂಬುದು ನಿಯಮ. ಏಕೆಂಬುದು ಅರ್ಧ ಗಂಟೆಯಲ್ಲೇ ನಮಗೆ ತಿಳಿಯಿತು.

ಕಡಲಿನ ಕಡೆಯಿಂದ ಮಂಜು ಬಂತು. ಬಂದುದು ಕಾಣಲಿಲ್ಲ, ಕಡಲು ಅಳಿಸಿಹೋಯಿತು, ಕೊಳ ಅಳಿಸಿಹೋಯಿತು, ಅಷ್ಟೆ. “ಮಾವಾ, ಇಳಿಯುವುದು ಒಳ್ಳೆಯದಲ್ಲವೇ?” ಎಂದ ಅಳಿಯ. “ಇಷ್ಟು ದೂರ ಬಂದು ನೆತ್ತಿ ಮುಟ್ಟದೆ ಹೋಗುವುದೇ?” ಎಂಬ ಉತ್ತರ ನಮ್ಮದು. ಮಗಳು ನಡುವೆ ಬಂದಳು: “ಅಪ್ಪಾ, ಅಮ್ಮನ ಮುಖ ನೋಡಿ, ಅಮ್ಮಾ, ನೀನಾದರೂ ಹೇಳು.” ಮಾತು ಬೆಳೆಯಿತು. ಅದು ಮುಗಿಯುವಷ್ಟರಲ್ಲಿ ಒಂಬತ್ತು ವರ್ಷದ ಮೊಮ್ಮಗ ನಮ್ಮ ನಡುವೆ ಇರಲಿಲ್ಲ.

ಹೆಸರು ಹಿಡಿದು ಕೂಗಿದೆವು. ಮಂಜಿನಲ್ಲಿ ಹೆಸರು ತೊಯ್ದ ಬಟ್ಟೆಯಂತೆ ಹತ್ತಿರದಲ್ಲೇ ಬಿದ್ದುಹೋಯಿತು. ಹುಡುಕಲು ಧಾವಿಸಿದ ಅಳಿಯನನ್ನು ಮಗಳು ಕೈಹಿಡಿದು ನಿಲ್ಲಿಸಿದಳು. ಗುರುತು ಬಿಟ್ಟರೆ ಇನ್ನೊಬ್ಬರನ್ನು ಹುಡುಕಬೇಕಾದೀತು. ಆಗ ನಮ್ಮಲ್ಲೊಬ್ಬರಿಗೆ, ಯಾರಿಗೆಂದು ಈಗ ನೆನಪಾಗುವುದಿಲ್ಲ, ಹಿಂದಿನ ರಜೆಯಲ್ಲಿ ಊರಿನ ಅಡಿಕೆ ತೋಟದಲ್ಲಿ ಮೊಮ್ಮಗನಿಗೆ ಕಲಿಸಿದ ಆಟ ಹೊಳೆಯಿತು. ತೋಟದ ಈ ಕೊನೆಯಿಂದ ಆ ಕೊನೆಗೆ ನಾವು ಹೆಸರು ಕರೆಯುವುದಿಲ್ಲ, ‘ಕೂ’ ಹಾಕುತ್ತೇವೆ. ಎದೆ ತುಂಬ ಉಸಿರೆಳೆದು ಇಬ್ಬರೂ ಒಟ್ಟಿಗೆ ಕೂ ಹಾಕಿದೆವು. ಒಂದು ಕ್ಷಣ ಏನೂ ಇಲ್ಲ. ಮತ್ತೆ ಹಾಕಿದೆವು. ಎಡಗಡೆಯಿಂದ, ತೆಳ್ಳಗೆ, “ಕೂ” ಎಂದು ಬಂತು.

ಅವನು ಎರಡು ಗುಪ್ಪೆಗಳಾಚೆ, ಕಲ್ಲನ್ನು ಒರಗಿ ಕುಳಿತಿದ್ದನು. ಮುಂದಿನ ಗುರುತು ಕಾಣದಾದುದರಿಂದ ಕದಲಲಿಲ್ಲವೆಂದನು. ಹಿರಿಯರಾದ ನಮಗಿಲ್ಲದ ಬುದ್ಧಿ ಆ ಮಗುವಿಗಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಬೈಸಿಕೊಳ್ಳಬೇಕಾದವರು ನಾವೇ ಎಂಬುದು ಎಲ್ಲರಿಗೂ ಗೊತ್ತಿತ್ತು. ನೆತ್ತಿಯನ್ನು ಮುಟ್ಟದೆ, ಕಡಿದಾದೆಡೆಗಳಲ್ಲಿ ಕುಳಿತು ಜಾರುತ್ತ ಇಳಿದೆವು. ಕೊಳದ ಬಳಿಯ ಉಪಾಹಾರಗೃಹದಲ್ಲಿ, ಒಳಗೆ ಟೊಳ್ಳಾಗಿ ಉಬ್ಬಿದ ‘ಪಾಪ್‌ಓವರ್’ ಎಂಬ ಬಿಸಿ ರೊಟ್ಟಿಯನ್ನು ಬೆಣ್ಣೆ, ಜಾಮಿನೊಂದಿಗೆ ತಿನ್ನುವಾಗ, ಮೊಣಕಾಲಿನ ಸಂಗತಿಯನ್ನು ಬಚ್ಚಿಡದೆ ಹೇಳಿದೆವು. “ನಮಗೆ ಮೊದಲೇ ಗೊತ್ತಿತ್ತು, ನೀವು ಹೇಳಲೆಂದು ಕಾದೆವು” ಎಂದಳು ಮಗಳು.

ಮೂರನೆಯ ದಿನ ಬಾನು ತಿಳಿಯಾಗಿತ್ತು. ಪೆನೊಬ್‌ಸ್ಕಾಟಿನ ನೆತ್ತಿ, ನಿನ್ನೆ ಏನೂ ನಡೆದೇ ಇಲ್ಲವೆಂಬಂತೆ, ಬಿಸಿಲಲ್ಲಿ ಹೊಳೆಯುತ್ತಿತ್ತು. “ಇವತ್ತು ಹೋಗೋಣವೇ?” ಎಂದು ಅಳಿಯ ಮನಸ್ಸಿನಿಂದಲೇ ಕೇಳಿದ. ಬೇಡವೆಂದೆವು. ಸೈಕಲ್ ಹಿಡಿದು ಈಗಲ್ ಸರೋವರದ ಸುತ್ತ ಆರು ಮೈಲಿ ತುಳಿದೆವು. ಮೊಣಕಾಲು ನೊಂದವರು ಏರಿನಲ್ಲಿ ಇಳಿದು ತಳ್ಳಿದರು. ಇನ್ನೊಬ್ಬರೂ ಇಳಿದು ಜೊತೆಗೆ ತಳ್ಳಿದರು. ಮೊಮ್ಮಗ ಮುಂದೆ ಮುಂದೆ ಹೋಗುತ್ತಿದ್ದನು. ದಾರಿಯ ಪ್ರತಿ ತಿರುವಿನಲ್ಲೂ ಕಣ್ಮರೆಯಾಗುವ ಮುನ್ನ, ಯಾರೂ ಹೇಳದೆಯೇ, ಒಂದು ಕೂ ಹಾಕುತ್ತಿದ್ದನು. ನಾವು ಮರುದನಿ ಕೊಟ್ಟ ಮೇಲೆಯೇ ಅವನ ಸೈಕಲು ಮುಂದೆ ಸಾಗುತ್ತಿತ್ತು.